ವೈದ್ಯ ವಿದ್ಯಾರ್ಥಿಗಳ ವಿಜ್ಞಾನ ಸಂಘಗಳು

ವೈದ್ಯ ವಿದ್ಯಾರ್ಥಿಗಳ ವಿಜ್ಞಾನ ಸಂಘ ಎಂದರೆ ವಿದ್ಯಾರ್ಥಿಗಳೇ ಕಟ್ಟಿಕೊಂಡು, ವಿದ್ಯಾರ್ಥಿಗಳೇ ನಡೆಸುವ ಓದು, ಚರ್ಚೆ, ಸಂಶೋಧನೆಗಳ ಕೂಟ. ಪರೀಕ್ಷೆಯ ಅಂಕಗಳಿಗೂ ಅದಕ್ಕೂ ಸಂಬಂಧವಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸೇರುವುದು, ಒಬ್ಬರು ಪ್ರಬಂಧ ಓದುವುದು, ಉಳಿದವರು ಅದನ್ನು ಜಾಲಾಡುವುದು, ಇಷ್ಟೇ ಅದರ ಮೂಲರೂಪ. ಕಾಲೇಜುಗಳಲ್ಲಿ ಇದನ್ನು ಕ್ರೀಡಾಸಂಘ, ನಾಟಕಸಂಘಗಳ ಸಾಲಿಗೆ ಸೇರಿಸಿಬಿಡುವುದು ವಾಡಿಕೆ. ಆದರೆ ವೈದ್ಯಶಿಕ್ಷಣದ ಚರಿತ್ರೆಯಲ್ಲಿ ಈ ಕೂಟಗಳಿಗೆ ಸುಮಾರು ಮುನ್ನೂರು ವರ್ಷಗಳಷ್ಟು ಹಿಂದಿನ ಬೇರುಗಳಿವೆ. ಪಾಠದ ಕೋಣೆಯಲ್ಲಿ ಉತ್ತರ ಗೊತ್ತಿರುವ ಪ್ರಶ್ನೆಗಳದೇ ಕಾರುಬಾರು. ಸಂಘದಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಸರೀಕರ ಎದುರು ನಿಂತು, ತಾನು ಹೇಳಿದ್ದಕ್ಕೆ ಆಧಾರ ಏನೆಂದು ತೋರಿಸಬೇಕಾಗುತ್ತದೆ. ವೈದ್ಯನಾದವನು ಮುಂದೆ ಜೀವಮಾನವಿಡೀ ಮಾಡಬೇಕಾದ ಕೆಲಸ ಅದು.

ಇಂಥ ಸಂಘಗಳಲ್ಲಿ ಅತ್ಯಂತ ಹಳೆಯದೂ ಹೆಸರಾದದ್ದೂ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ರಾಯಲ್ ಮೆಡಿಕಲ್ ಸೊಸೈಟಿ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ವಿಭಾಗ ಶುರುವಾದದ್ದು 1726ರಲ್ಲಿ. ಎಂಟು ವರ್ಷ ಕಳೆದ ಮೇಲೆ, 1734ರಲ್ಲಿ, ಆರು ಮಂದಿ ವಿದ್ಯಾರ್ಥಿಗಳಿಗೆ ಜ್ವರದಿಂದ ತೀರಿಕೊಂಡ ಒಬ್ಬ ಯುವತಿಯ ಶವ ದೊರೆಯಿತು. ಶವಛೇದನಕ್ಕೆ ದೇಹ ಸಿಗುವುದೇ ದುರ್ಲಭವಾಗಿದ್ದ ಕಾಲ. ಅವರು ಒಟ್ಟಾಗಿ ಅದನ್ನು ಛೇದಿಸಿ ಅಭ್ಯಾಸ ಮಾಡಿದರು. ಆ ಕೆಲಸ ಮುಗಿದ ಬಳಿಕ ಒಂದು ಸಂಜೆ ಪಾನಗೃಹದಲ್ಲಿ ಕುಳಿತಿದ್ದಾಗ, ಈ ಜೊತೆಯನ್ನು ಇಲ್ಲಿಗೇ ಬಿಡಬಾರದು ಎಂದು ತೀರ್ಮಾನಿಸಿದರು. ಪಾಳಿಯ ಪ್ರಕಾರ ಒಬ್ಬೊಬ್ಬರ ಬಿಡಾರದಲ್ಲಿ ಸೇರಬೇಕು. ಒಬ್ಬನು ಇಂಗ್ಲಿಷಿನಲ್ಲೋ ಲ್ಯಾಟಿನ್ನಿನಲ್ಲೋ ತಾನೇ ಆಯ್ದ ವೈದ್ಯವಿಷಯದ ಮೇಲೆ ಬರೆದು ತಂದು ಓದಬೇಕು. ಉಳಿದ ಐವರು ಅದಕ್ಕೆ ಆಕ್ಷೇಪ ಎತ್ತಬೇಕು, ಅವನು ಉತ್ತರ ಹೇಳಬೇಕು. ಆ ಆರು ಜನರಲ್ಲಿ ಜಾರ್ಜ್ ಕ್ಲೆಗ್‌ಹಾರ್ನ್ ಮುಂದೆ ಮಿನೋರ್ಕಾ ದ್ವೀಪದ ರೋಗಗಳ ಬಗ್ಗೆ, ಅಲೆಕ್ಸಾಂಡರ್ ರಸೆಲ್ ಅಲೆಪ್ಪೊ ನಗರದ ಬಗ್ಗೆ ಬರೆದ ಪುಸ್ತಕಗಳು ಪ್ರಸಿದ್ಧವಾದವು. 1737ರಲ್ಲಿ ಕೂಟಕ್ಕೆ ನಿಯಮಾವಳಿ ಬಂದು ಅದು ಸಂಘವಾಯಿತು. 1778ರಲ್ಲಿ ರಾಜಸನದು ದೊರೆತು ಹೆಸರಿನ ಹಿಂದೆ ‘ರಾಯಲ್’ ಸೇರಿತು.

ಪ್ರೊಫೆಸರರು ಇದನ್ನು ಹೇಳಿ ಮಾಡಿಸಲಿಲ್ಲ ಎಂಬುದು ಇಲ್ಲಿ ಮುಖ್ಯ. ಆ ಕಾಲದ ಪ್ರೊಫೆಸರರ ಸಂಪಾದನೆ ಬಹುಪಾಲು ವಿದ್ಯಾರ್ಥಿಗಳು ತೆರುವ ಶುಲ್ಕದಿಂದಲೇ ಬರುತ್ತಿತ್ತು. ನೂರಾರು ಜನ ಕಿಕ್ಕಿರಿದ ಕೋಣೆಯಲ್ಲಿ ಅವರು ಉಪನ್ಯಾಸ ಓದುತ್ತಿದ್ದರು, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ನಡುವೆ ಬಾಯಿ ಹಾಕುವ ರೂಢಿ ಇರಲಿಲ್ಲ. ಆ ಕೊರತೆಯನ್ನು ಸಂಘ ತುಂಬಿತು. ಅದರ ಅಧ್ಯಕ್ಷರೂ ವಿದ್ಯಾರ್ಥಿಗಳೇ. ಪ್ರಬಂಧ ಓದಲೇಬೇಕೆಂಬುದು ಸದಸ್ಯತ್ವದ ಕರಾರು. ಒಂದು ರೋಗಿಯ ವೃತ್ತಾಂತ, ಒಂದು ತಾತ್ವಿಕ ಪ್ರಶ್ನೆ, ಹಿಪೊಕ್ರೆಟಿಸನ ಸೂತ್ರವೊಂದರ ವಿಮರ್ಶೆ, ಹೀಗೆ ವಿಷಯಗಳು ಹಂಚಿಕೆಯಾಗುತ್ತಿದ್ದವು. ಪ್ರಬಂಧವನ್ನು ಮೊದಲೇ ಕೈಬರಹದಲ್ಲಿ ಸದಸ್ಯರ ಓದಿಗೆ ಕೊಡುವ ಪದ್ಧತಿ ಇದ್ದುದರಿಂದ ಆಕ್ಷೇಪಿಸುವವರು ತಯಾರಾಗಿಯೇ ಬರುತ್ತಿದ್ದರು. ಓದಿದ ಪ್ರಬಂಧಗಳನ್ನು ನಕಲು ಮಾಡಿಸಿ, ಸಂಪುಟಗಳಾಗಿ ಕಟ್ಟಿಸಿ ಇಡುವ ಪದ್ಧತಿಯೂ ಬೆಳೆಯಿತು. ಹದಿನೆಂಟನೆಯ ಶತಮಾನದ ವೈದ್ಯ ವಿದ್ಯಾರ್ಥಿ ಏನು ನಂಬಿದ್ದ, ಯಾವುದನ್ನು ಸಂಶಯಿಸಿದ್ದ ಎಂಬುದು ಆ ಸಂಪುಟಗಳಿಂದ ತಿಳಿಯುವಷ್ಟು ಪ್ರೊಫೆಸರರ ಪಠ್ಯಪುಸ್ತಕಗಳಿಂದ ತಿಳಿಯುವುದಿಲ್ಲ. ಕಾದಂಬರಿಕಾರ ಆಲಿವರ್ ಗೋಲ್ಡ್‌ಸ್ಮಿತ್ ಕೂಡ 1753ರಲ್ಲಿ ಇದರ ಸದಸ್ಯನಾಗಿದ್ದ. ವೈದ್ಯಕ್ಕೆ ಅದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಚರ್ಚೆ ಎಷ್ಟು ಕಾವೇರುತ್ತಿತ್ತು ಎಂಬುದಕ್ಕೆ ಜಾನ್ ಬ್ರೌನ್ ಪ್ರಕರಣ ಸಾಕ್ಷಿ. ಬ್ರೌನ್ ಮೊದಲು ಎಡಿನ್‌ಬರೋದ ಹಿರಿಯ ಪ್ರೊಫೆಸರ್ ವಿಲಿಯಂ ಕಲನ್‌ನ ಶಿಷ್ಯ, ಅವನ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದವನು. ಆಮೇಲೆ ಗುರುವಿಗೆ ತಿರುಗಿಬಿದ್ದ. ದೇಹದ ಉದ್ರೇಕ ಹೆಚ್ಚಾದರೆ ಒಂದು ಬಗೆಯ ರೋಗ, ಕಡಿಮೆಯಾದರೆ ಇನ್ನೊಂದು ಬಗೆಯದು, ಹೆಚ್ಚಿನ ರೋಗಗಳು ಎರಡನೆಯ ಬಗೆಗೇ ಸೇರಿದವು, ಅವಕ್ಕೆ ಮದ್ಯ ಮತ್ತು ಅಫೀಮು ಮದ್ದು ಎಂಬುದು ಅವನ ವಾದ. 1780ರಲ್ಲಿ ಅದು ಪುಸ್ತಕವಾಗಿ ಬಂತು. ವಿಶ್ವವಿದ್ಯಾನಿಲಯ ಅವನಿಗೆ ಪೀಠ ಕೊಡಲಿಲ್ಲ. ವಿದ್ಯಾರ್ಥಿಗಳ ಸಂಘ ಮಾತ್ರ ಅವನನ್ನು 1776ರಲ್ಲೂ 1780ರಲ್ಲೂ ಅಧ್ಯಕ್ಷನಾಗಿ ಆರಿಸಿತು. ಬ್ರೌನ್ ಪಂಥದವರಿಗೂ ಕಲನ್ ಪಂಥದವರಿಗೂ ಸಭೆಯಲ್ಲಿ ಹತ್ತಿಕೊಂಡ ಜಗಳ ಎಲ್ಲಿಗೆ ಮುಟ್ಟಿತೆಂದರೆ, ಚರ್ಚೆಯಲ್ಲಿ ಆಡಿದ ಮಾತಿಗಾಗಿ ಯಾರಾದರೂ ಇನ್ನೊಬ್ಬ ಸದಸ್ಯನನ್ನು ದ್ವಂದ್ವಯುದ್ಧಕ್ಕೆ ಕರೆದರೆ ಅವನನ್ನು ಉಚ್ಚಾಟಿಸಬೇಕೆಂದು ಸಂಘ ನಿಯಮ ಮಾಡಬೇಕಾಯಿತು. ಬ್ರೌನ್‌ನ ಸಿದ್ಧಾಂತ ತಪ್ಪು. ಅವನ ಚಿಕಿತ್ಸೆಯಿಂದ ಯೂರೋಪಿನಲ್ಲಿ ಎಷ್ಟೋ ರೋಗಿಗಳಿಗೆ ಕೇಡೂ ಆಗಿರಬೇಕು. ಸಂಘದ ಬಲ, ದೌರ್ಬಲ್ಯ ಎರಡೂ ಈ ಒಂದೇ ಪ್ರಕರಣದಲ್ಲಿ ಕಾಣುತ್ತವೆ. ಪೀಠಸ್ಥರನ್ನು ಪ್ರಶ್ನಿಸುವ ಧೈರ್ಯ ಅಲ್ಲಿತ್ತು. ಪ್ರಶ್ನಿಸಿದವನ ಮಾತನ್ನು ಪ್ರಯೋಗಕ್ಕೆ ಒಡ್ಡಿ ನೋಡುವ ಉಪಕರಣ ಮಾತ್ರ ಇನ್ನೂ ಯಾರ ಕೈಯಲ್ಲೂ ಇರಲಿಲ್ಲ.

ಅದೇ ಊರಿನ ಇನ್ನೊಂದು ವಿದ್ಯಾರ್ಥಿ ಕೂಟ ಪ್ಲೀನಿಯನ್ ಸೊಸೈಟಿ. 1823ರಲ್ಲಿ ಹುಟ್ಟಿದ ಇದು ನಿಸರ್ಗ ವಿಜ್ಞಾನಕ್ಕೆ ಮೀಸಲಾಗಿತ್ತು. 1825ರಲ್ಲಿ ಎಡಿನ್‌ಬರೋಗೆ ವೈದ್ಯ ಓದಲು ಬಂದ ಚಾರ್ಲ್ಸ್ ಡಾರ್ವಿನ್‌ಗೆ ಬೆಳಗ್ಗೆ ಎಂಟರ ಔಷಧಶಾಸ್ತ್ರದ ಪಾಠ ಹಿಡಿಸಲಿಲ್ಲ. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾಗದೆ ಎದ್ದು ಓಡಿದ. ಆದರೆ ಈ ಸಂಘಕ್ಕೆ ಮನಸ್ಸಿಟ್ಟು ಹೋಗುತ್ತಿದ್ದ. 1827ರ ಮಾರ್ಚ್ 27ರ ಸಭೆಯಲ್ಲಿ ಹದಿನೆಂಟರ ಡಾರ್ವಿನ್ ಎರಡು ಚಿಕ್ಕ ಸಂಗತಿಗಳನ್ನು ಹೇಳಿದ. ಫ್ಲಸ್ಟ್ರಾ ಎಂಬ ಸಮುದ್ರಜೀವಿಯ ‘ಮೊಟ್ಟೆ’ಗಳಿಗೆ ಈಜುವ ಶಕ್ತಿ ಇದೆ ಎಂಬುದು ಒಂದು. ಸಿಂಪಿಯ ಚಿಪ್ಪಿಗೆ ಅಂಟಿರುವ, ಕಡಲಪಾಚಿಯ ಎಳೆರೂಪ ಎಂದು ಎಣಿಸಿದ್ದ ಕರಿ ಗುಂಡುಗಳು ಒಂದು ಬಗೆಯ ಸಮುದ್ರ ಜಿಗಣೆಯ ಮೊಟ್ಟೆಗಳು ಎಂಬುದು ಇನ್ನೊಂದು. ಈ ಎರಡನೆಯ ಸಂಗತಿಯನ್ನು ಅವನಿಗೆ ಮಾರ್ಗದರ್ಶಕನಾಗಿದ್ದ ರಾಬರ್ಟ್ ಗ್ರಾಂಟ್ ಮೂರು ದಿನ ಮೊದಲೇ, ಹಿರಿಯರ ವರ್ನೇರಿಯನ್ ಸೊಸೈಟಿಯಲ್ಲಿ ಮಂಡಿಸಿಬಿಟ್ಟಿದ್ದ. ಗುರುವಿನ ಕೆಲಸ ಎಲ್ಲಿ ಮುಗಿಯುತ್ತದೆ, ಶಿಷ್ಯನದು ಎಲ್ಲಿ ಶುರುವಾಗುತ್ತದೆ ಎಂಬ ತಕರಾರು ಅಂದಿನಿಂದ ಇಂದಿನವರೆಗೂ ತೀರಿಲ್ಲ. ಅದೇ ಸಂಜೆ ಇನ್ನೊಬ್ಬ ವೈದ್ಯ ವಿದ್ಯಾರ್ಥಿ ಬ್ರೌನ್ ಎಂಬವನು, ಮನಸ್ಸು ಎಂಬುದೂ ಭೌತಿಕವೇ ಎಂದು ವಾದಿಸಿದ. ಗಲಾಟೆಯಾಯಿತು. ಬಳಿಕ ಯಾರೋ ನಡವಳಿ ಪುಸ್ತಕದಲ್ಲಿ ಆ ಭಾಗದ ಮೇಲೆ ಗೆರೆ ಎಳೆದು ಹೊಡೆದುಹಾಕಿದರು.

ಲಂಡನ್ನಿನಲ್ಲಿ ಸಂಘಗಳು ಆಸ್ಪತ್ರೆಗಳ ಸುತ್ತ ಬೆಳೆದವು. ಸೇಂಟ್ ಬಾರ್ತಲಮ್ಯೂ ಆಸ್ಪತ್ರೆಯ ಅಬರ್ನೀಥಿಯನ್ ಸೊಸೈಟಿ 1795ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾದದ್ದು. ಆ ಆಸ್ಪತ್ರೆಗೆ 1834ರ ಅಕ್ಟೋಬರಿನಲ್ಲಿ ಸೇರಿದ ಜೇಮ್ಸ್ ಪ್ಯಾಜೆಟ್ ಎಂಬ ಮೊದಲ ವರ್ಷದ ವಿದ್ಯಾರ್ಥಿ ಅದೇ ಚಳಿಗಾಲದಲ್ಲಿ ಶವಛೇದನ ಮಾಡುತ್ತಿದ್ದಾಗ ಸ್ನಾಯುಗಳ ತುಂಬ ಸಣ್ಣ ಬಿಳಿ ಚುಕ್ಕೆಗಳನ್ನು ಕಂಡ. ಅದು ಹೊಸ ನೋಟವೇನಲ್ಲ. ಕೆಲವು ದೇಹಗಳ ಸ್ನಾಯು ಕತ್ತಿಯ ಬಾಯಿಯನ್ನೇ ಮೊಂಡು ಮಾಡುತ್ತದೆ ಎಂದು ಅಲ್ಲಿನ ಅಧ್ಯಾಪಕರು ಗೊಣಗುತ್ತಿದ್ದರು. ಮೂಳೆಯ ಚೂರುಗಳಿರಬೇಕು ಎಂದು ಸುಮ್ಮನಾಗಿದ್ದರು. ಪ್ಯಾಜೆಟ್ ಒಂದು ತುಣುಕನ್ನು ತೆಗೆದುಕೊಂಡು ಕೈಮಸೂರದಿಂದ ನೋಡಿದ. ಒಂದೊಂದು ಚುಕ್ಕೆಯೂ ಒಂದು ಕೋಶ, ಒಳಗೆ ಸುರುಳಿ ಸುತ್ತಿಕೊಂಡ ಹುಳು. ಆಸ್ಪತ್ರೆಯಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಸಿಗಲಿಲ್ಲ. ತುಣುಕನ್ನು ಹಿಡಿದುಕೊಂಡು ಬ್ರಿಟಿಷ್ ಮ್ಯೂಸಿಯಂಗೆ ನಡೆದ. ಅಲ್ಲಿ ಸೂಕ್ಷ್ಮದರ್ಶಕ ಕೊಟ್ಟವನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ನೀರಿನಲ್ಲಿ ಕಣಗಳ ಕುಣಿತವನ್ನು ಗುರುತಿಸಿ ಹೆಸರಾದವನು. 1835ರ ಫೆಬ್ರುವರಿ 6ರಂದು ಪ್ಯಾಜೆಟ್ ತನ್ನ ಸಂಘದಲ್ಲಿ ಇದನ್ನು ಓದಿದ. ಅದೇ ತಿಂಗಳು ಪ್ರಾಣಿವಿಜ್ಞಾನಿ ರಿಚರ್ಡ್ ಓವನ್ ಹುಳುವನ್ನು ಶಾಸ್ತ್ರೀಯವಾಗಿ ವರ್ಣಿಸಿ ಹೆಸರಿಟ್ಟ. ಇಂದು ಅದು ಟ್ರೈಕಿನೆಲ್ಲ ಸ್ಪೈರಾಲಿಸ್. ಸರಿಯಾಗಿ ಬೇಯಿಸದ ಹಂದಿಮಾಂಸದಿಂದ ಅದು ಮನುಷ್ಯನಿಗೆ ಬರುತ್ತದೆ, ಜೀವವನ್ನೂ ತೆಗೆಯಬಲ್ಲದು ಎಂಬುದು ಗೊತ್ತಾಗಲು 1860ರಲ್ಲಿ ಜರ್ಮನಿಯ ಸೆಂಕರ್ ಮಾಡಿದ ಶವಪರೀಕ್ಷೆಯವರೆಗೆ ಕಾಯಬೇಕಾಯಿತು.

ಪ್ಯಾಜೆಟ್ ಪ್ರಕರಣದಲ್ಲಿ ಸಂಘದ ಪಾತ್ರ ಎಷ್ಟು ಎಂದು ಕೇಳಬಹುದು. ಹುಳುವನ್ನು ಸಂಘ ಕಂಡುಹಿಡಿಯಲಿಲ್ಲ. ಆದರೆ ಇಪ್ಪತ್ತೊಂದು ವರ್ಷದ, ಹೆಸರಿಲ್ಲದ ಹುಡುಗನಿಗೆ ‘ಇದನ್ನು ಕಂಡೆ’ ಎಂದು ಹೇಳಲು ಒಂದು ಜಾಗ, ಒಂದು ತಾರೀಖು, ಕೇಳುವ ಜನ ಸಿಕ್ಕಿದ್ದು ಅಲ್ಲಿ. ಓವನ್‌ನ ಹೆಸರಿನ ಪಕ್ಕದಲ್ಲಿ ಪ್ಯಾಜೆಟ್‌ನ ಹೆಸರು ಉಳಿದುಕೊಂಡದ್ದಕ್ಕೆ ಆ ದಾಖಲೆಯೂ ಕಾರಣ.

ವಿದ್ಯಾರ್ಥಿಗಳು ಮಾಡಿದ ಶೋಧಗಳ ಪಟ್ಟಿ ಉದ್ದವಾಗಿಯೇ ಇದೆ. ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹಾನ್ಸ್ 1868ರಲ್ಲಿ ಚರ್ಮದ ವಿಶಿಷ್ಟ ಕೋಶಗಳನ್ನೂ, ಮರುವರ್ಷ ಪದವಿಯ ಪ್ರಬಂಧದಲ್ಲಿ ಮೇದೋಜೀರಕ ಗ್ರಂಥಿಯ ದ್ವೀಪಗಳನ್ನೂ ವರ್ಣಿಸಿದ. ಸ್ವೀಡನ್ನಿನ ಉಪ್ಸಾಲದ ಐವಾರ್ ಸ್ಯಾಂಡ್‌ಸ್ಟ್ರೋಮ್ 1877ರಲ್ಲಿ ನಾಯಿಯ ಕೊರಳಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಯನ್ನು ಕಂಡು, ಮನುಷ್ಯ ದೇಹಗಳಲ್ಲೂ ಹುಡುಕಿ, 1880ರಲ್ಲಿ ಉಪ್ಸಾಲದ ವೈದ್ಯ ಸಂಘದ ಪತ್ರಿಕೆಯಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದ. (ಅವನಿಗಿಂತ ಮುಂಚೆ ಆ ಗ್ರಂಥಿಯನ್ನು ಕಂಡಿದ್ದವನು ಅದೇ ಓವನ್, ಕಂಡದ್ದು ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗದಲ್ಲಿ.) ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ಗೆ ದಾರಿಯಾದದ್ದು 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಎರಡನೇ ವರ್ಷದ ವಿದ್ಯಾರ್ಥಿ ಜೇ ಮೆಕ್ಲೀನ್‌ನ ಪ್ರಯೋಗ. ಇವುಗಳನ್ನು ಮುಂದಿಟ್ಟುಕೊಂಡು ಸಂಘಗಳ ಗುಣಗಾನ ಮಾಡುವುದು ಸುಲಭ, ಆದರೆ ಸರಿಯಲ್ಲ. ಲಕ್ಷಾಂತರ ವಿದ್ಯಾರ್ಥಿಗಳಲ್ಲಿ ಹೀಗೆ ಹೆಸರಾದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆ ಸಿಗುವ ಲಾಭ ಬೇರೆ ಬಗೆಯದು.

ಆ ಲಾಭದಲ್ಲಿ ದೊಡ್ಡದು ಓದುವ ಕ್ರಮ. ವೈದ್ಯ ಪತ್ರಿಕೆಗಳು ದುಬಾರಿಯಾಗಿದ್ದ ಕಾಲದಲ್ಲಿ ವಿಲಿಯಂ ಆಸ್ಲರ್ 1875ರಲ್ಲಿ ಕೆನಡಾದ ಮೆಕ್‌ಗಿಲ್‌ನಲ್ಲಿ ಜರ್ನಲ್ ಕ್ಲಬ್ ಆರಂಭಿಸಿದ. ಪತ್ರಿಕೆಗಳನ್ನು ಕೂಡಿ ಕೊಳ್ಳುವುದು, ಹಂಚಿಕೊಂಡು ಓದುವುದು ಅದರ ಮೊದಲ ಉದ್ದೇಶ. ಇಂದು ಕೊಳ್ಳುವ ತೊಂದರೆ ಕಡಿಮೆಯಾಗಿದೆ, ಜರಡಿ ಹಿಡಿಯುವ ತೊಂದರೆ ಹೆಚ್ಚಿದೆ. ಒಂದು ಲೇಖನವನ್ನು ಕೈಗೆತ್ತಿಕೊಂಡು ರೋಗಿಗಳನ್ನು ಹೇಗೆ ಆರಿಸಿದರು, ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ, ಮಧ್ಯದಲ್ಲಿ ಬಿಟ್ಟುಹೋದವರು ಎಷ್ಟು, ಹಣ ಕೊಟ್ಟವರು ಯಾರು ಎಂದು ಕೇಳುತ್ತ ಹೋಗುವುದನ್ನು ಒಬ್ಬನೇ ಕುಳಿತು ಕಲಿಯುವುದು ಕಷ್ಟ. ಔಷಧ ಕಂಪನಿಯ ಪ್ರತಿನಿಧಿ ಮೇಜಿನ ಮೇಲೆ ಇಟ್ಟುಹೋಗುವ ಬಣ್ಣದ ಕರಪತ್ರದ ಗ್ರಾಫಿನಲ್ಲಿ ಲಂಬರೇಖೆ ಸೊನ್ನೆಯಿಂದ ಶುರುವಾಗಿದೆಯೇ ಎಂದು ನೋಡುವ ಕಣ್ಣು ಇಂಥ ಕೂಟಗಳಲ್ಲಿ ತಯಾರಾಗುತ್ತದೆ.

ರಷ್ಯಾ ಮತ್ತು ಹಿಂದಿನ ಸೋವಿಯತ್ ದೇಶಗಳಲ್ಲಿ ಸಂಘಗಳು ಇನ್ನೊಂದು ರೂಪ ಪಡೆದವು. ಅಲ್ಲಿ ಒಂದೊಂದು ವಿಭಾಗಕ್ಕೂ ‘ಕ್ರುಜೋಕ್’ ಎಂಬ ಒಂದೊಂದು ವಿದ್ಯಾರ್ಥಿ ಕೂಟ ಇರುತ್ತದೆ. ಅವೆಲ್ಲ ಸೇರಿ ಸಂಸ್ಥೆಯ ವಿದ್ಯಾರ್ಥಿ ವಿಜ್ಞಾನ ಸಂಘ. ಮೇಲುಸ್ತುವಾರಿ ಪ್ರೊಫೆಸರರದು, ದಿನದ ಕೆಲಸ ವಿದ್ಯಾರ್ಥಿ ನಾಯಕನದು. ಶಸ್ತ್ರಚಿಕಿತ್ಸೆಯ ಕ್ರುಜೋಕ್ ಸೇರಿದವರು ಸಂಜೆ ಉಳಿದುಕೊಂಡು ಗಂಟು ಹಾಕುವುದು, ಹೊಲಿಗೆ ಹಾಕುವುದು ಅಭ್ಯಾಸ ಮಾಡುತ್ತಾರೆ, ರಾತ್ರಿ ಪಾಳಿಯಲ್ಲಿ ಹಿರಿಯ ಸರ್ಜನ್ನರ ಜೊತೆ ನಿಲ್ಲುತ್ತಾರೆ, ವರ್ಷಕ್ಕೊಮ್ಮೆ ನಡೆಯುವ ವಿದ್ಯಾರ್ಥಿ ಸಮ್ಮೇಳನದಲ್ಲಿ ಪ್ರಬಂಧ ಓದುತ್ತಾರೆ. ಕರ್ನಾಟಕದಿಂದ ರಷ್ಯಾ, ಉಕ್ರೇನ್‌ಗಳಿಗೆ ವೈದ್ಯ ಓದಲು ಹೋದವರಿಗೆ ಈ ಪದ ಪರಿಚಿತ. ಎಡಿನ್‌ಬರೋ ಮಾದರಿಗೆ ಹೋಲಿಸಿದರೆ ಇಲ್ಲಿ ಕೈಕಸುಬಿನ ಕಲಿಕೆ ಹೆಚ್ಚು, ಪ್ರೊಫೆಸರರ ಮಾತನ್ನು ಎದುರಿಸುವ ಅವಕಾಶ ಕಡಿಮೆ. ವಿಭಾಗದ ನೆರಳಿನಲ್ಲಿ ಬೆಳೆಯುವ ಸಂಘಕ್ಕೆ ಇದು ತಪ್ಪಿದ್ದಲ್ಲ. ಆದರೂ ಮುಂದಿನ ಅಧ್ಯಾಪಕರನ್ನು ಹದಿಹರೆಯದಲ್ಲೇ ಗುರುತಿಸಿ ಬೆಳೆಸುವುದರಲ್ಲಿ ಈ ಪದ್ಧತಿಯನ್ನು ಮೀರಿಸುವುದು ಕಷ್ಟ. 1951ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ವೈದ್ಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟ ಹಲವು ದೇಶಗಳ ನಡುವೆ ವಿದ್ಯಾರ್ಥಿಗಳನ್ನು ಕೆಲವು ವಾರ ಸಂಶೋಧನೆಗಾಗಿ ವಿನಿಮಯ ಮಾಡುವ ಏರ್ಪಾಟು ನಡೆಸುತ್ತದೆ.

ಭಾರತದಲ್ಲಿ ವೈದ್ಯ ಕಾಲೇಜುಗಳ ಸಂಘಗಳು ಬಹುಕಾಲ ಅತಿಥಿ ಉಪನ್ಯಾಸ, ರಸಪ್ರಶ್ನೆಗಳಿಗೆ ಸೀಮಿತವಾಗಿದ್ದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆ ಒಂದು ತಿರುವು. ಎಂಬಿಬಿಎಸ್ ವಿದ್ಯಾರ್ಥಿ ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎರಡು ತಿಂಗಳಲ್ಲಿ ಮುಗಿಸಬಲ್ಲ ಒಂದು ಸಣ್ಣ ಅಧ್ಯಯನ ಮಾಡಿ ವರದಿ ಒಪ್ಪಿಸಬೇಕು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವೂ ಐಚ್ಛಿಕ ಅವಧಿಯನ್ನು ಸೇರಿಸಿ ಸಂಶೋಧನೆಗೆ ಸ್ವಲ್ಪ ಜಾಗ ಬಿಟ್ಟಿದೆ. ಯೋಜನೆಯ ಅರ್ಜಿ ಬರೆಯುವುದು ಹೇಗೆ, ಎಷ್ಟು ರೋಗಿಗಳು ಬೇಕು, ಎಥಿಕ್ಸ್ ಕಮಿಟಿಯ ಮುಂದೆ ಏನು ಇಡಬೇಕು ಎಂಬುದನ್ನು ಕಿರಿಯರಿಗೆ ಹೇಳಿಕೊಡುವುದು ಅನೇಕ ಕಾಲೇಜುಗಳಲ್ಲಿ ಹಿರಿಯ ವಿದ್ಯಾರ್ಥಿಗಳೇ. ಸಂಘ ಇದ್ದಲ್ಲಿ ಆ ಕೆಲಸ ಕ್ರಮವಾಗಿ ನಡೆಯುತ್ತದೆ, ಇಲ್ಲದಲ್ಲಿ ಹಾಸ್ಟೆಲ್ಲಿನ ಪರಿಚಯ ಇದ್ದವರಿಗೆ ಮಾತ್ರ ಸಿಗುತ್ತದೆ.

ಸಂಘದ ಕೈಗೆಟುಕುವ ಅಧ್ಯಯನ ಹೇಗಿರಬಹುದು ಎಂಬುದಕ್ಕೆ ರಕ್ತದೊತ್ತಡದ ಅಂಕಿಗಳೇ ಒಳ್ಳೆಯ ಉದಾಹರಣೆ. ಪಾದರಸದ ಬಿಪಿ ಉಪಕರಣದಲ್ಲಿ ಗೆರೆಗಳು ಎರಡೆರಡು ಮಿಲಿಮೀಟರಿಗೆ ಒಂದರಂತೆ ಇರುತ್ತವೆ. ಹಾಗಾಗಿ ಓದಿದ ಸಂಖ್ಯೆಯ ಕೊನೆಯ ಅಂಕಿ 0, 2, 4, 6, 8 ಇವುಗಳಲ್ಲಿ ಒಂದಾಗಿರಬೇಕು. ಪ್ರಾಮಾಣಿಕವಾಗಿ ಅಳೆದಿದ್ದರೆ ಐದೂ ಹೆಚ್ಚುಕಡಿಮೆ ಸಮಸಮನಾಗಿ, ನೂರಕ್ಕೆ ಇಪ್ಪತ್ತರಂತೆ ಬರಬೇಕು. ಒಪಿಡಿಯ ಐನೂರು ಕೇಸ್ ಶೀಟುಗಳನ್ನು ತೆಗೆದು ಕೊನೆಯ ಅಂಕಿಯನ್ನಷ್ಟೇ ಎಣಿಸಿದರೆ ಸೊನ್ನೆಗಳು ಸುಮಾರು ನೂರು ಸಿಗಬೇಕು. ಅದರ ಎರಡು ಮೂರು ಪಟ್ಟು ಸಿಕ್ಕಿದರೆ ಅಳೆದವರು ಅಂದಾಜಿಗೆ ದುಂಡು ಮಾಡಿದ್ದಾರೆ ಎಂದರ್ಥ. ಹಲವು ದೇಶಗಳಲ್ಲಿ ಹೀಗೆ ಎಣಿಸಿದಾಗ ಸೊನ್ನೆಯ ಕಡೆಗಿನ ಒಲವು ಕಂಡುಬಂದಿದೆ. ಇದರಲ್ಲಿ ರೋಗಿಗೆ ಸೂಜಿ ಚುಚ್ಚಬೇಕಾಗಿಲ್ಲ, ಖರ್ಚು ಬಹಳ ಇಲ್ಲ, ದಾಖಲೆ ನೋಡಲು ಅನುಮತಿ ಇದ್ದರೆ ಸಾಕು. 136 ಇದ್ದದ್ದನ್ನು 140 ಎಂದು ಬರೆದರೆ ಒಬ್ಬ ಮನುಷ್ಯ ಜೀವನಪರ್ಯಂತ ಗುಳಿಗೆ ನುಂಗುವ ಸಾಲಿಗೆ ಸೇರಬಹುದು ಎಂಬುದು ಆಗ ವಿದ್ಯಾರ್ಥಿಗೆ ಮನವರಿಕೆಯಾಗುತ್ತದೆ. ಮರುದಿನ ಅವನೇ ಬಿಪಿ ನೋಡುವಾಗ ಗಾಳಿಯನ್ನು ನಿಧಾನವಾಗಿ ಬಿಡುತ್ತಾನೆ.

ರೋಗಿಯನ್ನು ನೇರವಾಗಿ ಒಳಗೊಳ್ಳುವ ಅಧ್ಯಯನಕ್ಕೆ ಬಂದರೆ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ತನ್ನ ದೇಹದ ಮೇಲಿನ ಪ್ರಯೋಗಕ್ಕೆ ತಾನೇ ಒಪ್ಪಿದರೂ ಪ್ರಶ್ನೆ ಮುಗಿಯುವುದಿಲ್ಲ. ಪೆರುವಿನ ವಿದ್ಯಾರ್ಥಿ ಡೇನಿಯಲ್ ಕ್ಯಾರಿಯೋನ್ 1885ರ ಆಗಸ್ಟಿನಲ್ಲಿ, ಆ ದೇಶದ ‘ವೆರುಗಾ’ ರೋಗದ ಗಂಟಿನಿಂದ ತೆಗೆದ ದ್ರವವನ್ನು ತನ್ನ ತೋಳಿಗೇ ಚುಚ್ಚಿಸಿಕೊಂಡ. ಕಾಯಿಲೆ ಬಿದ್ದಮೇಲೆ ಸಹಪಾಠಿಗಳು ಅವನ ಆರೈಕೆ ಮಾಡಿದರು. ಅಕ್ಟೋಬರ್ 5ರಂದು ತೀರಿಕೊಂಡ. ಚರ್ಮದ ಗಂಟೂ ಮಾರಕ ಜ್ವರವೂ ಒಂದೇ ರೋಗದ ಎರಡು ಮುಖ ಎಂಬುದು ಅವನ ಸಾವಿನಿಂದ ಗೊತ್ತಾಯಿತು; ಪೆರುವಿನಲ್ಲಿ ಆ ದಿನ ವೈದ್ಯಕೀಯ ದಿನಾಚರಣೆ ನಡೆಯುತ್ತದೆ. ಇಂದಿನ ಯಾವ ಎಥಿಕ್ಸ್ ಕಮಿಟಿಯೂ ಅಂಥದ್ದಕ್ಕೆ ಒಪ್ಪದು, ಒಪ್ಪಲೂಬಾರದು. ಕರ್ನಾಟಕದ ವಾರ್ಡುಗಳಲ್ಲಿ ಈ ಪ್ರಶ್ನೆ ಇಷ್ಟು ಭೀಕರವಾಗಿ ಬರುವುದಿಲ್ಲ, ದಿನನಿತ್ಯದ ರೂಪದಲ್ಲಿ ಬರುತ್ತದೆ. ಹೊರ ರಾಜ್ಯದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ತಯಾರಿಸಿದ ಒಪ್ಪಿಗೆಪತ್ರವನ್ನು ಯಾರೋ ಅವಸರದಲ್ಲಿ ಕನ್ನಡಕ್ಕೆ ತಿರುಗಿಸಿರುತ್ತಾರೆ. ಹಳ್ಳಿಯ ಹೆಂಗಸು ಹೆಬ್ಬೆಟ್ಟು ಒತ್ತುವಾಗ ಇದು ಚಿಕಿತ್ಸೆಯೇ, ಅಧ್ಯಯನವೇ ಎಂಬುದು ಆಕೆಗೆ ತಿಳಿದಿರುವುದಿಲ್ಲ. ‘ಬೇಡ ಅಂದರೆ ಔಷಧ ಕೊಡೋದಿಲ್ವಾ?’ ಎಂದು ಆಕೆ ಕೇಳಬಲ್ಲಂಥ ಭಾಷೆಯಲ್ಲಿ ಪತ್ರ ಬರೆಯುವುದನ್ನು ಸಂಘ ಒಂದು ಅಭ್ಯಾಸವಾಗಿಯೇ ಇಟ್ಟುಕೊಳ್ಳಬಹುದು. ಹೊಸ ಪಠ್ಯಕ್ರಮದ ಆರಂಭದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಸಮಯ ಇಟ್ಟಿರುವುದು ಇದಕ್ಕೂ ಒದಗುತ್ತದೆ.

ಸಂಘಗಳಿಂದ ಒಳ್ಳೆಯ ವೈದ್ಯರು ತಯಾರಾಗುತ್ತಾರೆಯೇ? ವಿದ್ಯಾರ್ಥಿ ದೆಸೆಯಲ್ಲಿ ಸಂಶೋಧನೆ ಮಾಡಿದವರು ಮುಂದೆಯೂ ಹೆಚ್ಚು ಪ್ರಕಟಿಸುತ್ತಾರೆ ಎಂಬುದನ್ನು ಸಾಕ್ಷಿಯಾಗಿ ಕೊಡುವುದುಂಟು. ಸಂಘಕ್ಕೆ ಸೇರುವವರೇ ಮೊದಲಿನಿಂದ ಆಸಕ್ತಿ ಇದ್ದವರಾದ್ದರಿಂದ ಈ ಸಾಕ್ಷಿ ಪೂರ್ತಿ ನಿಲ್ಲುವುದಿಲ್ಲ. ತಮ್ಮ ಸಂಘದ ಬಗೆಗಿನ ಇಂಥ ವಾದವನ್ನೇ ಸದಸ್ಯರು ಒಂದು ಸಂಜೆ ಚರ್ಚೆಗೆ ಎತ್ತಿಕೊಂಡರೆ ಸಂಖ್ಯಾಶಾಸ್ತ್ರದ ಒಂದು ಒಳ್ಳೆಯ ಪಾಠವಾಗುತ್ತದೆ.

ಕೇಡು ಬರುವ ದಾರಿಗಳು ಮಾತ್ರ ಸ್ಪಷ್ಟ. ಸರ್ಟಿಫಿಕೇಟಿನ ಹಪಾಹಪಿ ಮೊದಲನೆಯದು: ಎರಡು ದಿನದ ಸಮ್ಮೇಳನ, ಸಾಲಾಗಿ ಅಂಟಿಸಿದ ಪೋಸ್ಟರುಗಳು, ಮುಂದೆ ಐದು ನಿಮಿಷ ನಿಲ್ಲುವ ತೀರ್ಪುಗಾರ, ಪ್ರಶ್ನೆ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ಉಳಿಯುವುದು ಸಂಘದ ಹೆಸರು ಮಾತ್ರ. ಹಣ ಕಟ್ಟಿಸಿಕೊಂಡು, ಪರಿಶೀಲನೆ ಮಾಡದೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಈ ಹಪಾಹಪಿಯ ಮೇಲೇ ಬದುಕುತ್ತವೆ. ಕೆಲಸ ಮಾಡದ ಹಿರಿಯರ ಹೆಸರು ಲೇಖನದ ತಲೆಗೆ ಬರುವುದು, ಅಂಕಿ ಸಂಗ್ರಹಿಸಿದ ವಿದ್ಯಾರ್ಥಿಯ ಹೆಸರು ಕೊನೆಗೆ ಜಾರುವುದು ಇನ್ನೊಂದು. ಯಾರು ಏನು ಮಾಡಬೇಕು, ಹೆಸರುಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದನ್ನು ಕೆಲಸ ಶುರುವಾಗುವ ಮುನ್ನವೇ ಬರೆದಿಟ್ಟುಕೊಳ್ಳುವುದು ಇದಕ್ಕಿರುವ ಮದ್ದು.

ಆಡಳಿತದ ತೊಡಕೂ ಒಂದಿದೆ. ಪದಾಧಿಕಾರಿಗಳು ವರ್ಷವರ್ಷವೂ ಬದಲಾಗುತ್ತಾರೆ. ಚುರುಕಾದ ಕಾರ್ಯದರ್ಶಿ ಹೌಸ್ ಸರ್ಜನ್ಸಿಗೆ ಹೋದೊಡನೆ ಸಂಘ ಮಲಗಿಬಿಡುತ್ತದೆ. ಬಾಳಿಕೆ ಬಂದ ಸಂಘಗಳಲ್ಲಿ ಕೆಲವು ಲಕ್ಷಣಗಳು ಕಾಣುತ್ತವೆ: ನಿಗದಿಯಾದ ದಿನ, ಪ್ರತಿ ಸದಸ್ಯನೂ ಒಮ್ಮೆಯಾದರೂ ಓದಲೇಬೇಕೆಂಬ ನಿಯಮ, ಚೆನ್ನಾಗಿ ಬರೆದಿಟ್ಟ ನಡವಳಿ ಪುಸ್ತಕ, ಬೆನ್ನಿಗೆ ನಿಂತರೂ ಕುರ್ಚಿ ಹಿಡಿಯದ ಒಬ್ಬ ಅಧ್ಯಾಪಕ. ಮುಗಿಯದೆ ಬಿದ್ದುಹೋದ ಅಧ್ಯಯನಗಳ ವಿವರವನ್ನೂ ಆ ನಡವಳಿಯಲ್ಲಿ ಸೇರಿಸುವ ಸಂಘಗಳು ವಿರಳ. ಯಾವ ವಾರ್ಡಿನಲ್ಲಿ ಎಷ್ಟು ರೋಗಿಗಳು ಸಿಗಲಿಲ್ಲ, ಯಾವ ಪ್ರಶ್ನೆ ರೋಗಿಗಳಿಗೆ ಅರ್ಥವಾಗಲಿಲ್ಲ, ಯಾವ ಉಪಕರಣ ನಡುವೆ ಕೈಕೊಟ್ಟಿತು ಎಂಬ ಮಾಹಿತಿ ಅಲ್ಲಿ ಇದ್ದರೆ ಮುಂದಿನ ವರ್ಷದ ವಿದ್ಯಾರ್ಥಿಯ ಅಧ್ಯಯನದ ಎರಡು ತಿಂಗಳಲ್ಲಿ ಕೆಲವು ವಾರಗಳಾದರೂ ಉಳಿಯಬಹುದು.